ವೃದ್ಧಾಶ್ರಮದಲ್ಲಿರುವ ಹಿರಿಯರ ಆರೈಕೆಗೆ ಕಾವಲಾಗಿ ನಿಲ್ಲುವುದು ಹೇಗೆ?

ಮೈಸೂರು, ಮಂಡ್ಯದ ಕಡೆ ಅಪ್ಪನನ್ನೋ ಅಮ್ಮನನ್ನೋ ವೃದ್ಧಾಶ್ರಮಕ್ಕೆ ಸೇರಿಸುವ ಮನೆಯವರು ಸೇರಿಸುವ ದಿನದವರೆಗೂ ಹತ್ತು ಕಡೆ ವಿಚಾರಿಸುತ್ತಾರೆ. ಸೇರಿಸಿದ ಮೇಲೆ ತಿಂಗಳ ಹಣ ಕಳಿಸಿ ಸುಮ್ಮನಾಗುತ್ತಾರೆ. ನಿಜವಾದ ಕೆಲಸ ಶುರುವಾಗುವುದೇ ಆಮೇಲೆ. ಹಣ ಪಡೆದು ನಡೆಸುವ ಖಾಸಗಿ ವೃದ್ಧಾಶ್ರಮಗಳ ಗುಣಮಟ್ಟವನ್ನು ಹಿಡಿದು ಕೇಳುವ ಕಾನೂನು ನಮ್ಮಲ್ಲಿ ಇನ್ನೂ ತೆಳುವಾಗಿಯೇ ಇದೆ. ಹಿರಿಯ ನಾಗರಿಕರ 2007ರ ಕಾಯ್ದೆಗೆ ತಿದ್ದುಪಡಿ ತಂದು ಇಂಥ ಕೇಂದ್ರಗಳಿಗೆ ನೋಂದಣಿ ಮತ್ತು ಕನಿಷ್ಠ ಗುಣಮಟ್ಟ ಕಡ್ಡಾಯ ಮಾಡುವ ಮಸೂದೆ 2019ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂದಿತ್ತು. ಅದು ಅಂಗೀಕಾರವಾಗದೆ, 2024ರಲ್ಲಿ ಆ ಲೋಕಸಭೆಯ ಅವಧಿ ಮುಗಿದಾಗ ಬಿದ್ದುಹೋಯಿತು. ಹೀಗಾಗಿ ಹಿರಿಯರನ್ನು ಕಾಯುವ ಸಂಗತಿಗಳು ಎರಡೇ: ಕಾಗದದ ಮೇಲೆ ಬರೆಸಿಕೊಂಡ ಕರಾರು, ಮತ್ತು ಹೊತ್ತಲ್ಲದ ಹೊತ್ತಿನಲ್ಲಿ ಬಂದು ನೋಡುವ ಮನೆಯವರು. ಕೆಳಗಿನದೆಲ್ಲ ಈ ಎರಡರ ವಿವರ.

ಮೊದಲು, ಅದು ಯಾವ ಬಗೆಯ ಜಾಗ?

ಬೋರ್ಡಿನ ಮೇಲೆ ಏನೇ ಬರೆದಿರಲಿ, ಅಲ್ಲಿ ನಡೆಯುವ ಕೆಲಸ ಯಾವುದು ಎಂಬುದರ ಮೇಲೆ ಯಾವ ಕಾನೂನು, ಯಾವ ಕಚೇರಿ ಎಂಬುದು ನಿಂತಿರುತ್ತದೆ.

ಸರ್ಕಾರದ ಅನುದಾನದಲ್ಲಿ ನಡೆಯುವ ಉಚಿತ ವೃದ್ಧಾಶ್ರಮಗಳು ಒಂದು ಬಗೆ. ಕೇಂದ್ರದ ಅಟಲ್ ವಯೋ ಅಭ್ಯುದಯ ಯೋಜನೆಯಡಿ ಇಪ್ಪತ್ತೈದು ಮಂದಿಯಿಂದ ಮೇಲ್ಪಟ್ಟು ನಿರ್ಗತಿಕ ಹಿರಿಯರನ್ನು ನೋಡಿಕೊಳ್ಳುವ ಸಂಸ್ಥೆಗಳಿಗೆ ಹಣ ಬರುತ್ತದೆ, ರಾಜ್ಯದ ಅನುದಾನವೂ ಇದೆ. ಇವುಗಳ ಮೇಲೆ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಅಧಿಕಾರಿಯ ಕಣ್ಣು ಇರಬೇಕು. ಇಂಥ ಕಡೆ ಊಟಕ್ಕೆಂದೋ ಬಟ್ಟೆಗೆಂದೋ ಹಿರಿಯರ ಪಿಂಚಣಿ ಹಿಡಿದುಕೊಂಡರೆ ಅದೇ ಒಂದು ದೂರು.

ತಿಂಗಳಿಗೆ ಇಷ್ಟು ಎಂದು ಹಣ ಪಡೆಯುವವು ಎರಡನೆಯ ಬಗೆ. ಬಹುಪಾಲು ಟ್ರಸ್ಟ್ ಅಥವಾ ಸಂಘದ ಹೆಸರಿನಲ್ಲಿ ನೋಂದಣಿಯಾಗಿರುತ್ತವೆ. ಆ ನೋಂದಣಿ ಸಂಸ್ಥೆ ಇದೆ ಎಂಬುದಕ್ಕೆ ಸಾಕ್ಷಿಯೇ ಹೊರತು ಆರೈಕೆ ಚೆನ್ನಾಗಿದೆ ಎಂಬುದಕ್ಕಲ್ಲ. ಇಲ್ಲಿ ನೀವು ಗ್ರಾಹಕರು, ಗ್ರಾಹಕ ಕಾನೂನು ನಿಮ್ಮ ಕೈಯಲ್ಲಿದೆ.

ಡ್ರಿಪ್ ಹಾಕುವುದು, ಗಾಯಕ್ಕೆ ಡ್ರೆಸ್ಸಿಂಗ್, ಪಾರ್ಶ್ವವಾಯುವಿನ ಫಿಜಿಯೋಥೆರಪಿ, ಆಪರೇಷನ್ ಆದ ಮೇಲಿನ ಶುಶ್ರೂಷೆ ಎಂದು ಚಿಕಿತ್ಸೆಯೂ ನಡೆಯುವ ಜಾಗವಾದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಎಂದರೆ ಎಲ್ಲರೂ ಕೆಪಿಎಂಇ ಎನ್ನುವುದು, ಅದಕ್ಕೆ ಅನ್ವಯಿಸುತ್ತದೆ. ಯಾವ ಹೆಸರಿನಿಂದ ಕರೆದರೂ ಚಿಕಿತ್ಸೆ, ಪುನಶ್ಚೇತನ ಕೊಡುವ ಸಂಸ್ಥೆ ಅದರೊಳಗೆ ಬರುತ್ತದೆ. ಕೆಪಿಎಂಇ ಪ್ರಮಾಣಪತ್ರ ಗೋಡೆಯ ಮೇಲೆ ಇರಬೇಕು. ಇಲ್ಲದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆಯಬಹುದು. ಮರೆಗುಳಿತನದವರನ್ನು, ಮಾನಸಿಕ ಕಾಯಿಲೆಯವರನ್ನು ಇಟ್ಟುಕೊಳ್ಳುವ ಕೇಂದ್ರವಾದರೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಪ್ರಕಾರ ರಾಜ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿದೆಯೇ ಕೇಳಿ. ಈ ಕಾಗದಗಳ ಫೋಟೋ ತೆಗೆದುಕೊಳ್ಳಲು ಬಿಡದ ಜಾಗದಲ್ಲಿ ಮುಂದಿನ ಮಾತು ಆಡದಿರುವುದೇ ಒಳ್ಳೆಯದು.

ಕರಾರು: ಹಣ ಕಟ್ಟುವ ಮುಂಚೆ

ಅಚ್ಚು ಹಾಕಿದ ಒಂದು ಹಾಳೆ ಮುಂದಿಟ್ಟು ಸಹಿ ಹಾಕಿ ಎನ್ನುವುದು ವಾಡಿಕೆ. ಅದರಲ್ಲಿ ಹೆಚ್ಚಾಗಿ ಇರುವುದು ನಿಮ್ಮ ಹೊಣೆಗಳು. ಅವರ ಹೊಣೆ ಎರಡು ಸಾಲು. ತಿದ್ದಿಸಲು ಆಗದಿದ್ದರೆ ಜೊತೆಗೊಂದು ಹಾಳೆ ಸೇರಿಸಿ ಇಬ್ಬರೂ ಸಹಿ ಮಾಡಿ. ಆ ಹಾಳೆಯಲ್ಲಿ ಬರಬೇಕಾದದ್ದು ಹೀಗೆ.

ಅಡ್ವಾನ್ಸ್ ಎಷ್ಟು, ಬಿಟ್ಟು ಹೋದರೆ ಅಥವಾ ತೀರಿಕೊಂಡರೆ ಎಷ್ಟು ದಿನದೊಳಗೆ ವಾಪಸ್, ಅದರಲ್ಲಿ ಏನೇನು ಕಡಿತ. ಜಗಳ ಹೆಚ್ಚಾಗಿ ಹುಟ್ಟುವುದು ಇಲ್ಲೇ. ತಿಂಗಳ ದರದಲ್ಲಿ ಏನು ಸೇರಿದೆ, ಡೈಪರ್, ಔಷಧಿ, ಆಂಬ್ಯುಲೆನ್ಸ್, ಬಟ್ಟೆ ಒಗೆಯುವುದು, ವೈದ್ಯರ ಭೇಟಿ ಇವುಗಳಲ್ಲಿ ಯಾವುದು ಬೇರೆ. ಬೇರೆ ಇರುವುದಕ್ಕೆಲ್ಲ ಅಂಗಡಿಯ ಬಿಲ್ಲು ಕೊಡಬೇಕು ಎಂದು ಬರೆಸಿ. ‘ಮೆಡಿಸಿನ್ 3,400’ ಎಂದು ವಾಟ್ಸಾಪಿನಲ್ಲಿ ಬರುವ ಒಂದು ಸಾಲು ಬಿಲ್ಲಲ್ಲ. ದರ ಏರಿಸುವುದಾದರೆ ವರ್ಷಕ್ಕೊಮ್ಮೆ ಮಾತ್ರ, ಇಂತಿಷ್ಟು ಶೇಕಡದೊಳಗೆ. ಹೊರಗೆ ಕಳಿಸುವುದಾದರೆ 30 ದಿನದ ಲಿಖಿತ ನೋಟಿಸ್, ಕಾರಣ ಸಮೇತ. ಆಸ್ಪತ್ರೆಗೆ ಸೇರಿಸಬೇಕಾದಾಗ ಯಾವ ಆಸ್ಪತ್ರೆ, ಮನೆಯವರು ಬಂದು ಮುಟ್ಟುವವರೆಗೆ ಜೊತೆಗೆ ಯಾರು ನಿಲ್ಲುತ್ತಾರೆ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದರೆ ಇದೊಂದು ಸಾಲು ಬಹಳ ಮುಖ್ಯ, ರಾತ್ರಿ ಎರಡು ಗಂಟೆಗೆ ಕೆ.ಆರ್. ಆಸ್ಪತ್ರೆಯ ತುರ್ತು ವಿಭಾಗದಲ್ಲೋ ಮಂಡ್ಯದ ಮಿಮ್ಸ್‌ನಲ್ಲೋ ಹಿರಿಯರನ್ನು ಒಂಟಿಯಾಗಿ ಬಿಟ್ಟು ವ್ಯಾನು ವಾಪಸಾಗುವುದು ಕಾಲ್ಪನಿಕ ಭಯವಲ್ಲ.

ಭೇಟಿಗೆ ಸಮಯದ ಕಟ್ಟುಪಾಡು ಇದ್ದರೆ ಎಚ್ಚರ. ರಾತ್ರಿ ಒಂಬತ್ತರ ಮೇಲೆ ಬೇಡ ಎನ್ನುವುದು ಸರಿ. ‘ಭಾನುವಾರ ಹನ್ನೊಂದರಿಂದ ಒಂದು, ಅದೂ ಹಿಂದಿನ ದಿನ ಫೋನ್ ಮಾಡಿ’ ಎನ್ನುವುದು ಸರಿಯಲ್ಲ.

ಇನ್ನೊಂದು ಲೆಕ್ಕ ಕೇಳಲೇಬೇಕು: ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಎಚ್ಚರವಿರುವ ಸಿಬ್ಬಂದಿ ಎಷ್ಟು? ಹಾಸಿಗೆ ಹಿಡಿದವರು ಹನ್ನೆರಡು ಮಂದಿ ಎನ್ನಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರೆ ಎಂಟು ಗಂಟೆಯಲ್ಲಿ 48 ಸಲ. ಒಂದಕ್ಕೆ ಐದು ನಿಮಿಷ ಹಿಡಿದರೂ 240 ನಿಮಿಷ, ಅದೂ ಇಬ್ಬರು ಸೇರಿ ಮಾಡುವ ಕೆಲಸ. ಡೈಪರ್ ಬದಲಿಸುವುದು ಇನ್ನೂ ಸೇರಿಲ್ಲ. ಒಬ್ಬಳೇ ಆಯಾ ಇರುವ ಕಡೆ ಮ್ಯಾನೇಜರ್ ಎಷ್ಟೇ ನಯವಾಗಿ ಮಾತಾಡಲಿ, ಆ ಕೆಲಸ ಆಗುತ್ತಿಲ್ಲ ಎಂದೇ ಅರ್ಥ. ತಪ್ಪು ಆಕೆಯದಲ್ಲ.

ಎರಡು ಸಹಿ ಮಾತ್ರ ಎಂದಿಗೂ ಬೇಡ. ‘ಏನೇ ಆದರೂ ಸಂಸ್ಥೆ ಹೊಣೆಯಲ್ಲ’ ಎನ್ನುವ ಸಾಲಿನ ಕೆಳಗೆ ಒಂದು. ಆಸ್ತಿ, ಒಡವೆ, ಠೇವಣಿಯನ್ನು ಸಂಸ್ಥೆಗೆ ಬರೆದುಕೊಡುವ ಕಾಗದಕ್ಕೆ ಇನ್ನೊಂದು. ಮೂಲ ಆಧಾರ್, ಪಾಸ್‌ಬುಕ್, ಎಟಿಎಂ ಕಾರ್ಡ್ ಅವರ ಬೀರುವಿನಲ್ಲಿ ಇರಬಾರದು. ಜೆರಾಕ್ಸ್ ಸಾಕು.

ಸಹಿ ಯಾರದ್ದು ಎನ್ನುವುದೂ ಒಂದು ಪ್ರಶ್ನೆ. ಬುದ್ಧಿ ಸ್ವಸ್ಥವಾಗಿರುವ ಹಿರಿಯರನ್ನು ಮಕ್ಕಳ ಸಹಿಯ ಮೇಲೆ ಸೇರಿಸಿಕೊಳ್ಳುವುದಕ್ಕೆ ಆಧಾರವಿಲ್ಲ; ಅವರಿಗೆ ಕನ್ನಡದಲ್ಲಿ ಓದಿ ಹೇಳಿ ಅವರದೇ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಬೇಕು. ಮರೆವು ಆಗತಾನೆ ಶುರುವಾಗಿದ್ದರೆ ಬ್ಯಾಂಕ್ ಖಾತೆಯನ್ನು ಈಗಲೇ ಜಂಟಿ ಮಾಡಿ. ಜನರಲ್ ಪವರ್ ಆಫ್ ಅಟಾರ್ನಿ ಇದೆಯಲ್ಲ ಎಂದು ನೆಮ್ಮದಿಯಾಗಿರುವವರಿಗೆ ಗೊತ್ತಿಲ್ಲದ ಸಂಗತಿ: ಬರೆದುಕೊಟ್ಟವರ ಬುದ್ಧಿಸ್ವಾಸ್ಥ್ಯ ಹೋದರೆ ಆ ಅಧಿಕಾರವೂ ಅಲ್ಲಿಗೆ ಕೊನೆಯಾಗುತ್ತದೆ ಎನ್ನುತ್ತದೆ ಕರಾರು ಕಾಯ್ದೆಯ 201ನೇ ಕಲಂ.

ಸೇರಿಸುವ ದಿನ

ಆ ದಿನದ ಸ್ಥಿತಿ ದಾಖಲಾಗದಿದ್ದರೆ ಮುಂದೆ ‘ಬರುವಾಗಲೇ ಹಾಗಿತ್ತು’ ಎಂಬ ಉತ್ತರ ಸಿಗುತ್ತದೆ. ಒಂದು ಹಾಳೆಯಲ್ಲಿ ತೂಕ, ಬಿಪಿ, ಸಕ್ಕರೆ, ನಡೆಯುತ್ತಾರೋ ಇಲ್ಲವೋ, ಮೈಮೇಲೆ ಗಾಯವಿದೆಯೋ ಇಲ್ಲವೋ, ಔಷಧಿಗಳ ಹೆಸರು, ಪ್ರಮಾಣ, ಹೊತ್ತು. ನರ್ಸ್ ಸಹಿ, ನಿಮ್ಮ ಸಹಿ, ತಾರೀಖು. ಬೆನ್ನ ಕೆಳಭಾಗ ಮತ್ತು ಹಿಮ್ಮಡಿಯ ಫೋಟೋ ಹಿರಿಯರನ್ನು ಕೇಳಿಕೊಂಡು ತೆಗೆಯಿರಿ.

ಕನ್ನಡಕ, ಹಲ್ಲಿನ ಸೆಟ್ಟು, ಶ್ರವಣ ಯಂತ್ರದ ಡಬ್ಬಿ, ಬಟ್ಟೆ ಎಲ್ಲದರ ಮೇಲೂ ಅಳಿಸದ ಮಾರ್ಕರ್‌ನಿಂದ ಹೆಸರು. ಬಟ್ಟೆ ಒಗೆಯುವ ಕಡೆ ಅದಲುಬದಲಾಗಿ, ಇನ್ನೊಬ್ಬರ ಸೀರೆ ಉಡಿಸಿದ್ದಕ್ಕೆ ಅಮ್ಮ ಊಟ ಬಿಟ್ಟಿದ್ದಾರೆ ಎಂಬ ದೂರು ಸಣ್ಣದಲ್ಲ. ಚಿನ್ನ ಬೇಡ. ಕಿವಿ ಕೇಳಿಸದಿದ್ದರೆ ಸೇರಿಸುವ ಮುಂಚೆಯೇ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ. ಕಿವುಡನ್ನು ಅರಳುಮರಳು ಎಂದು ತಿಳಿದು ಮಾತೇ ಆಡಿಸದಿರುವುದು ಎಲ್ಲ ಕಡೆ ನಡೆಯುತ್ತದೆ.

ಈಗ ಆರೈಕೆಯ ಕೆಲಸಕ್ಕೆ ಹೊರರಾಜ್ಯದ ಹುಡುಗ ಹುಡುಗಿಯರು ಬಹಳ. ನಿಮ್ಮ ಹಿರಿಯರಿಗೆ ಕನ್ನಡ ಬಿಟ್ಟು ಬೇರೆ ಬಾರದಿದ್ದರೆ ನೀರು, ನೋವು, ಚಳಿ, ಒಂದ, ಎರಡ, ತಲೆಸುತ್ತು, ಸಾಕು ಎಂಬಂಥ ಹದಿನೈದು ಮಾತನ್ನು ಕೆಲಸದವರ ಭಾಷೆಯ ಲಿಪಿಯಲ್ಲಿ ಬರೆಸಿ ಮಂಚದ ಪಕ್ಕ ಅಂಟಿಸಿ. ಹಿರಿಯರು ಬಾತ್‌ರೂಮಿಗೆ ಯಾವ ಮಾತು ಬಳಸುತ್ತಾರೋ ಆ ಮಾತನ್ನೇ ಬರೆಸಿ.

ಭೇಟಿಯಲ್ಲಿ ನೋಡಬೇಕಾದದ್ದು

ವಾರಕ್ಕೊಮ್ಮೆ ಒಂದೇ ಹೊತ್ತಿಗೆ ಹೋದರೆ ಆ ಹೊತ್ತಿನ ಆರೈಕೆ ಮಾತ್ರ ಕಾಣುತ್ತದೆ. ಒಂದು ಸಲ ಬೆಳಗ್ಗೆ ಏಳಕ್ಕೆ, ಒಂದು ಸಲ ಮಧ್ಯಾಹ್ನದ ಊಟಕ್ಕೆ, ಒಂದು ಸಲ ರಾತ್ರಿ ಎಂಟಕ್ಕೆ ಹೋಗಿ. ದಸರಾ, ದೀಪಾವಳಿ, ಯುಗಾದಿಯ ಮರುದಿನ ತಪ್ಪದೆ ಹೋಗಿ. ಸಿಬ್ಬಂದಿ ಊರಿಗೆ ಹೋಗಿ ಅರ್ಧಕ್ಕರ್ಧ ಕಡಿಮೆ ಇರುವ ದಿನಗಳು ಅವು. ಡಿಸೆಂಬರ್, ಜನವರಿಯ ಮುಂಜಾನೆ ಸ್ನಾನಕ್ಕೆ ಬಿಸಿನೀರು ಎಲ್ಲರಿಗೂ ಸಿಗುತ್ತಿದೆಯೇ, ಮೊದಲ ನಾಲ್ಕು ಜನಕ್ಕೆ ಮಾತ್ರವೇ ನೋಡಿ. ದೂರದಲ್ಲಿರುವ ಮಕ್ಕಳು ಊರಿನಲ್ಲಿರುವ ಅಣ್ಣನ ಮಗನಿಗೋ ಸ್ನೇಹಿತರಿಗೋ ಹೇಳಿ, ಅವರ ಹೆಸರನ್ನು ಕರಾರಿನಲ್ಲಿ ಭೇಟಿಗೆ ಅರ್ಹರು ಎಂದು ಬರೆಸಬೇಕು. ವಿಡಿಯೋ ಕಾಲ್‌ನಲ್ಲಿ ಮುಖ ಕಾಣುತ್ತದೆ, ಬೆನ್ನು ಕಾಣುವುದಿಲ್ಲ.

ಬೆನ್ನು ನೋಡಿ. ಒತ್ತಡದ ಹುಣ್ಣು ಏಳುವುದು ಸೊಂಟದ ಹಿಂಬದಿಯ ಮೂಳೆ, ತೊಡೆಸಂದಿನ ಹೊರಬದಿ, ಹಿಮ್ಮಡಿ, ಮಲಗಿಯೇ ಇರುವವರಲ್ಲಿ ತಲೆಯ ಹಿಂಭಾಗ, ಮೊಣಕೈ. ಮೂಳೆ ಮತ್ತು ಹಾಸಿಗೆಯ ನಡುವೆ ಚರ್ಮ ಗಂಟೆಗಟ್ಟಲೆ ಒತ್ತಿಹೋದರೆ ರಕ್ತ ಹರಿಯದೆ ಮಾಂಸ ಒಳಗಿನಿಂದ ಸಾಯುತ್ತದೆ. ಕೆಂಪಾದ ಜಾಗವನ್ನು ಬೆರಳಲ್ಲಿ ಒತ್ತಿ ಬಿಡಿ. ಬಿಳಿಚಿಕೊಂಡು ಮತ್ತೆ ಕೆಂಪಾದರೆ ಇನ್ನೂ ಕಾಲ ಮಿಂಚಿಲ್ಲ. ಒತ್ತಿದರೂ ಬಣ್ಣ ಬದಲಾಗದಿದ್ದರೆ ಹುಣ್ಣು ಶುರುವಾಗಿದೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣುವುದಿಲ್ಲ, ಆ ಜಾಗ ಸುತ್ತಲಿಗಿಂತ ಇನ್ನೂ ಕಪ್ಪಾಗಿ, ಬಿಸಿಯಾಗಿ ಇಲ್ಲವೇ ಗಟ್ಟಿಯಾಗಿ ಕೈಗೆ ಸಿಗುತ್ತದೆ. ಆ ಜಾಗವನ್ನು ಉಜ್ಜಬಾರದು, ಎಣ್ಣೆ ಹಚ್ಚಿ ತಿಕ್ಕಬಾರದು. ಗಾಳಿ ತುಂಬಿದ ರಿಂಗಿನ ಮೇಲೆ ಕೂರಿಸುವುದೂ ತಪ್ಪು. ಅಂಚು ಒತ್ತಿ ನಡುವಿನ ಚರ್ಮಕ್ಕೆ ರಕ್ತ ಇನ್ನೂ ಕಡಿಮೆಯಾಗುತ್ತದೆ. ಏರ್‌ಬೆಡ್ ಇದೆ ಎಂದಮಾತ್ರಕ್ಕೆ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ. ಕರೆಂಟ್ ಹೋದಾಗ ಪಂಪ್ ನಿಂತು, ಬಂದ ಮೇಲೂ ಸ್ವಿಚ್ ಹಾಕದೆ ಬಿಟ್ಟಿರುವ ಏರ್‌ಬೆಡ್‌ಗಳೇ ಬಹಳ. ಕೈಯಿಟ್ಟು ಗಾಳಿ ಇದೆಯೇ ನೋಡಿ. ಮಂಚದ ತುದಿಯಲ್ಲಿ ಮಗ್ಗುಲು ಬದಲಿಸಿದ ಚಾರ್ಟ್ ಇರಬೇಕು. ಇಡೀ ದಿನದ ಗುರುತು ಒಂದೇ ಪೆನ್ನಿನಲ್ಲಿ ಒಂದೇ ಉಸಿರಿಗೆ ಹಾಕಿದಂತಿದ್ದರೆ, ಸಂಜೆ ಆರಕ್ಕೆ ಹೋದಾಗಲೇ ರಾತ್ರಿ ಹತ್ತರ ಗುರುತೂ ಬಿದ್ದಿದ್ದರೆ, ಫೋಟೋ ತೆಗೆದಿಟ್ಟುಕೊಳ್ಳಿ.

ಊಟ. ತಿಂಗಳಿಗೊಮ್ಮೆ ತೂಕ ನೋಡಿಸಿ ಬರೆದಿಡಿ. ಒಂದು ತಿಂಗಳಲ್ಲಿ ನೂರಕ್ಕೆ ಐದರಷ್ಟು ಇಳಿದರೆ, ಎಂದರೆ 50 ಕೆಜಿಯವರು 47.5ಕ್ಕೆ ಬಂದರೆ, ವೈದ್ಯರು ನೋಡಲೇಬೇಕು. ಅನ್ನ, ತಿಳಿಸಾರು, ಮಜ್ಜಿಗೆ ಹೊಟ್ಟೆ ತುಂಬಿಸುತ್ತದೆ, ಮಾಂಸಖಂಡ ಉಳಿಸುವುದಿಲ್ಲ. ಕೆಜಿ ತೂಕಕ್ಕೆ ಸುಮಾರು ಒಂದು ಗ್ರಾಂ ಪ್ರೋಟೀನ್ ಬೇಕು (ಮೂತ್ರಪಿಂಡದ ತೊಂದರೆ ಇದ್ದವರಿಗೆ ವೈದ್ಯರು ಹೇಳಿದಷ್ಟು). ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ಒಂದು ಲೋಟ ಹಾಲಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಗಟ್ಟಿ ಬೇಳೆ, ಹುರುಳಿ, ಅವರೆಕಾಳಿನ ಸಾರು ವಾರದ ಪಟ್ಟಿಯಲ್ಲಿ ಎಷ್ಟು ಸಲ ಇದೆ ಎಣಿಸಿ. ಜೀವಮಾನವಿಡೀ ಮುದ್ದೆ, ಉಪ್ಸಾರು ಉಂಡವರಿಗೆ ದಿನವೂ ಉಪ್ಪಿಟ್ಟು ಕೊಟ್ಟು ‘ಅಜ್ಜ ಸರಿಯಾಗಿ ತಿನ್ನೋದಿಲ್ಲ’ ಎಂದರೆ ಒಪ್ಪಬೇಡಿ. ಹಲ್ಲಿಲ್ಲದವರಿಗೆ ಮುದ್ದೆಯೇ ಸುಲಭ.

ರಾತ್ರಿ ಊಟಕ್ಕೂ ಬೆಳಗಿನ ತಿಂಡಿಗೂ ಎಷ್ಟು ಅಂತರ? ಅಡುಗೆಯವರು ಬೇಗ ಮನೆಗೆ ಹೋಗಲೆಂದು ಸಂಜೆ ಆರಕ್ಕೇ ಊಟ ಮುಗಿಸಿ ಬೆಳಗ್ಗೆ ಎಂಟೂವರೆಗೆ ತಿಂಡಿ ಕೊಟ್ಟರೆ ಹದಿನಾಲ್ಕೂವರೆ ಗಂಟೆ ಖಾಲಿ ಹೊಟ್ಟೆ. ಸಕ್ಕರೆ ಕಾಯಿಲೆಯವರಿಗೆ ಇದು ಅಪಾಯ. ಇನ್ಸುಲಿನ್ ಏಳಕ್ಕೆ ಚುಚ್ಚಿ ತಿಂಡಿ ತಡವಾದರೆ ಸಕ್ಕರೆ 70ಕ್ಕಿಂತ ಕೆಳಗೆ ಇಳಿದು ಬೆವರು, ನಡುಕ, ತೊದಲು ಕಾಣಿಸಿಕೊಳ್ಳುತ್ತದೆ. ಅದನ್ನು ನೋಡಿದವರು ವಯಸ್ಸಿನ ಗೊಂದಲ ಎಂದುಕೊಂಡು ಮಲಗಿಸಿಬಿಡುತ್ತಾರೆ.

ಊಟ ಮಾಡಿಸುವಾಗ ನೇರ ಕೂರಿಸಬೇಕು, ಆಮೇಲೂ ಅರ್ಧ ಗಂಟೆ ಹಾಗೇ ಇರಬೇಕು. ಮಲಗಿದ್ದವರ ಬಾಯಿಗೆ ಗಂಜಿ ಸುರಿದರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ತುತ್ತಿಗೆ ಒಮ್ಮೆ ಕೆಮ್ಮು, ನುಂಗಿದ ಮೇಲೆ ಗಂಟಲು ಗುರುಗುರು ಎನ್ನುವುದು ಅದರ ಮುನ್ಸೂಚನೆ. ನೀರಿನ ಲೋಟ ಕೈಗೆಟುಕುವ ಕಡೆ ಇದೆಯೇ ಎಂಬುದನ್ನೂ ನೋಡಿ. ಒದ್ದೆ ಮಾಡಿಕೊಳ್ಳುತ್ತಾರೆಂದು ನೀರನ್ನೇ ಕಡಿಮೆ ಕೊಡುವ ಕಡೆ ಮೂತ್ರದ ಸೋಂಕು ಹೆಚ್ಚು.

ಮಾತ್ರೆ. ತಿಂಗಳ ಒಂದನೇ ತಾರೀಖು 30 ಮಾತ್ರೆ ಕೊಟ್ಟಿದ್ದರೆ ಹನ್ನೊಂದರ ಬೆಳಗ್ಗೆ, ಅಂದಿನ ಮಾತ್ರೆಗೆ ಮುಂಚೆ, 20 ಉಳಿದಿರಬೇಕು. ಎಣಿಸಿ. ಹೆಸರಿನ ಕೊನೆಗೆ ಎಸ್‌ಆರ್, ಎಕ್ಸ್‌ಆರ್, ಇಆರ್ ಎಂದಿರುವ ಮಾತ್ರೆಯನ್ನು ಪುಡಿ ಮಾಡಿ ಕೊಡಬಾರದು. ಇಡೀ ದಿನಕ್ಕೆ ನಿಧಾನವಾಗಿ ಬಿಡುವ ಔಷಧಿ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಎಸ್‌ಆರ್ ಹೀಗೆ ಪುಡಿಯಾಗುವ ಸಾಮಾನ್ಯ ಮಾತ್ರೆ.

ಹಗಲೆಲ್ಲ ಮಂಪರಿನಲ್ಲಿರುವುದು, ಜೊಲ್ಲು, ನಡಿಗೆ ಬಿಗಿಯಾಗುವುದು ಇದ್ದಕ್ಕಿದ್ದಂತೆ ಶುರುವಾದರೆ ಔಷಧಿ ಚಾರ್ಟ್ ಕೇಳಿ. ಕ್ವೆಟಿಯಾಪಿನ್, ರಿಸ್ಪೆರಿಡೋನ್, ಹ್ಯಾಲೊಪೆರಿಡಾಲ್, ನಿದ್ದೆ ಮಾತ್ರೆಗಳು ಹೊಸದಾಗಿ ಸೇರಿವೆಯೇ? ಯಾವ ವೈದ್ಯರು, ಯಾವ ದಿನ, ಯಾವ ಕಾರಣಕ್ಕೆ ಬರೆದರು? ಮರೆಗುಳಿತನದ ಹಿರಿಯರಲ್ಲಿ ಕ್ವೆಟಿಯಾಪಿನ್, ರಿಸ್ಪೆರಿಡೋನ್‌ನಂಥ ಔಷಧಿಗಳು ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ, ಹ್ಯಾಲೊಪೆರಿಡಾಲ್‌ನಂಥವುಗಳ ಬಗ್ಗೆ 2008ರಲ್ಲಿ ಎಚ್ಚರಿಸಿದೆ. ಕೆಲವರಿಗೆ ನಿಜವಾಗಿಯೂ ಬೇಕಾಗುತ್ತದೆ, ಆದರೆ ರಾತ್ರಿ ಪಾಳಿಯವರಿಗೆ ತೊಂದರೆಯಾಗದಿರಲಿ ಎಂದು ಕೊಡುವುದು ಚಿಕಿತ್ಸೆಯಲ್ಲ. ನೀವಾಗಿ ನಿಲ್ಲಿಸಲೂ ಬೇಡಿ. ಬರೆದ ವೈದ್ಯರನ್ನೇ ಕಂಡು ಮಾತಾಡಿ. ಪಂಚೆಯಿಂದಲೋ ಹಳೆ ಸೀರೆಯಿಂದಲೋ ಕೈ ಕಟ್ಟಿದ ಗುರುತು ಮಣಿಕಟ್ಟಿನಲ್ಲಿ ಕಂಡರೆ ಅದು ಅದೇ ದಿನ ಬರಹದಲ್ಲಿ ಹೋಗಬೇಕಾದ ದೂರು.

ಡೈಪರ್ ಮೂರು ನಾಲ್ಕು ಗಂಟೆಗೊಮ್ಮೆ, ಮಲವಾದರೆ ತಕ್ಷಣ. ಮೂತ್ರದ ಕ್ಯಾತಿಟರ್ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗೆ, ನೆಲಕ್ಕೆ ತಾಗದಂತೆ. ಬಾತ್‌ರೂಮಿನಲ್ಲಿ ಹಿಡಿಗಂಬಿ, ರಾತ್ರಿ ದೀಪ, ಒದ್ದೆಯಿಲ್ಲದ ನೆಲ.

ಹಿರಿಯರನ್ನು ಏನೆಂದು ಕೇಳುವುದು

‘ಚೆನ್ನಾಗಿದ್ದೀಯಾ ಅಮ್ಮ?’ ಎಂದರೆ ‘ಹೂಂ ಕಣಪ್ಪ, ಚಂದಾಗಿದ್ದೀನಿ’ ಎಂದೇ ಉತ್ತರ. ಮಕ್ಕಳಿಗೆ ಭಾರವಾಗಬಾರದು ಎಂಬ ಸಂಕೋಚ ಒಂದು ಕಡೆ, ನೀವು ಹೋದ ಮೇಲೆ ಬೈಯುತ್ತಾರೆ ಎಂಬ ಭಯ ಇನ್ನೊಂದು ಕಡೆ. ಸಿಬ್ಬಂದಿ ಇಲ್ಲದ ಕಡೆ, ಅಂಗಳದಲ್ಲೋ ಗೇಟಿನ ಹೊರಗೋ ಕೂತು ಸಣ್ಣ ಪ್ರಶ್ನೆ ಕೇಳಿ. ‘ನೆನ್ನೆ ರಾತ್ರಿ ಎದ್ದಾಗ ಯಾರು ಬಂದ್ರು? ಎಷ್ಟೊತ್ತಿಗೆ ಬಂದ್ರು?’ ‘ಇವತ್ತು ಸ್ನಾನ ಯಾರು ಮಾಡಿಸಿದ್ರು?’ ‘ಇಲ್ಲಿ ಯಾರನ್ನ ಕಂಡ್ರೆ ನಿನಗೆ ಆಗೋದಿಲ್ಲ?’ ಮರೆವಿನವರು ಹೇಳುವುದೆಲ್ಲ ಸುಳ್ಳು ಎಂದು ತಳ್ಳಬೇಡಿ. ಒಬ್ಬ ನಿರ್ದಿಷ್ಟ ವ್ಯಕ್ತಿ ಬಂದೊಡನೆ ಮೈ ಮುದುರಿಕೊಳ್ಳುವುದು, ಸ್ನಾನಕ್ಕೆ ಮಾತ್ರ ಚೀರುವುದು ಇವೂ ಉತ್ತರಗಳೇ. ಪಕ್ಕದ ಮಂಚದವರ ಜೊತೆ ಮಾತು ಬೆಳೆಸಿ, ಅವರಿಗೂ ಎರಡು ಬಾಳೆಹಣ್ಣು ಒಯ್ಯಿರಿ. ರಾತ್ರಿಯ ಸುದ್ದಿ ಅವರಿಂದಲೇ ಬರುವುದು.

ಆಯಾಗಳನ್ನು ಗೌರವದಿಂದ ಕಾಣಿ. ಹೆಸರು ಹಿಡಿದು ‘ಅಕ್ಕ’ ಎಂದು ಮಾತಾಡಿಸಿ. ಕಡಿಮೆ ಸಂಬಳಕ್ಕೆ ಎರಡು ಪಾಳಿ ದುಡಿಯುವವರ ಮೇಲೆ ಕೂಗಾಡಿದರೆ ಸಿಟ್ಟು ಇಳಿಯುವುದು ಹಾಸಿಗೆಯಲ್ಲಿರುವವರ ಮೇಲೆ. ದೂರು ಇರುವುದು ಹೆಚ್ಚಾಗಿ ಆಡಳಿತದ ಮೇಲೆ, ಅಲ್ಲಿಗೇ ಒಯ್ಯಿರಿ.

ಫೋನ್, ಹೊರಗೆ ಅಡ್ಡಾಡುವುದು, ತಮಗೆ ಬಂದ ಕಾಗದವನ್ನು ತಾವೇ ಒಡೆದು ಓದುವುದು, ಸ್ನಾನದ ಹೊತ್ತಿನ ಮರೆ, ಚಿಕಿತ್ಸೆ ಬೇಡ ಎನ್ನುವುದು: ವೃದ್ಧಾಶ್ರಮ ಸೇರಿದರೆಂದು ಇವು ಹೋಗುವುದಿಲ್ಲ. ಹಜಾರದಲ್ಲಿ ಸಿಸಿಟಿವಿ ಇರಲಿ, ಬಟ್ಟೆ ಬದಲಿಸುವ ಕಡೆ ಬೇಡ. ವೋಟು ಹಾಕುವ ಹಕ್ಕೂ ಹಾಗೆಯೇ. 85 ದಾಟಿದವರು ಚುನಾವಣೆಯ ಅಧಿಸೂಚನೆ ಬಂದ ಐದು ದಿನದೊಳಗೆ ನಮೂನೆ 12ಡಿ ಕೊಟ್ಟರೆ ಇದ್ದ ಜಾಗಕ್ಕೇ ಬಂದು ಮತ ಪಡೆಯುತ್ತಾರೆ. ಅದಕ್ಕೆ ಮತಪಟ್ಟಿಯ ವಿಳಾಸ ಮೊದಲೇ ಬದಲಾಗಿರಬೇಕು.

ದೂರು: ಯಾರಿಗೆ, ಯಾವ ಕ್ರಮದಲ್ಲಿ

ಒಂದು ನೋಟ್‌ಬುಕ್ ಇಡಿ. ತಾರೀಖು, ಹೊತ್ತು, ಕಂಡದ್ದು, ಯಾರಿಗೆ ಹೇಳಿದಿರಿ, ಅವರೇನೆಂದರು. ‘ಸರಿಯಾಗಿ ನೋಡಿಕೊಳ್ಳುವುದಿಲ್ಲ’ ಎಂದು ಬರೆದರೆ ಯಾವ ಅಧಿಕಾರಿಯೂ ಏನೂ ಮಾಡಲಾರ. ‘ಸಂಜೆ 5.40ಕ್ಕೆ ಹೋದಾಗ ಬೆಳಗಿನ ಡೈಪರ್ ಹಾಗೇ ಇತ್ತು, ಹಾಸಿಗೆ ಒದ್ದೆ, ಬಲ ಸೊಂಟದ ಮೇಲೆ ರೂಪಾಯಿ ಅಗಲದ ಕಪ್ಪು ಗುರುತು’ ಎಂದರೆ ಅದು ಸಾಕ್ಷಿ.

ಚಿಕ್ಕ ಸಂಗತಿಯನ್ನು ಅಂದೇ ಬಾಯಲ್ಲಿ ಹೇಳಿ. ಎರಡನೇ ಸಲ ಆದರೆ ಬರಹ, ಎರಡು ಪ್ರತಿ, ಒಂದರ ಮೇಲೆ ಸೀಲು ಸಹಿ. ಸೀಲು ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಪತ್ರ ಇಷ್ಟೇ ಇದ್ದರೆ ಸಾಕು:

‘ಮಾನ್ಯರೇ, ನಮ್ಮ ತಾಯಿ ಶ್ರೀಮತಿ ______, ಕೊಠಡಿ ಸಂಖ್ಯೆ __, ದಿನಾಂಕ ______ರಿಂದ ನಿಮ್ಮಲ್ಲಿದ್ದಾರೆ. ದಿನಾಂಕ ______ ಮತ್ತು ______ರಂದು ಕೆಳಗಿನ ಲೋಪಗಳನ್ನು ಕಂಡಿದ್ದೇವೆ: ______. ಕರಾರಿನ __ನೇ ಅಂಶದಂತೆ ಇದು ನಿಮ್ಮ ಹೊಣೆ. ಏಳು ದಿನದೊಳಗೆ (1) ವೈದ್ಯರಿಂದ ಪರೀಕ್ಷೆ ಮಾಡಿಸಿ ವರದಿ ಕೊಡಬೇಕು, (2) ಮಗ್ಗುಲು ಬದಲಿಸುವ ಚಾರ್ಟನ್ನು ಪ್ರತಿ ಭೇಟಿಯಲ್ಲಿ ತೋರಿಸಬೇಕು, (3) ರಾತ್ರಿ ಪಾಳಿಯ ಹೊಣೆ ಯಾರದೆಂದು ಲಿಖಿತವಾಗಿ ತಿಳಿಸಬೇಕು. ಈ ದೂರಿನ ಕಾರಣಕ್ಕೆ ನಮ್ಮ ತಾಯಿಯವರ ಆರೈಕೆಯಲ್ಲಿ ಯಾವ ವ್ಯತ್ಯಾಸವೂ ಆಗಬಾರದೆಂದು ಕೋರುತ್ತೇವೆ.’

ಕೊನೆಯ ವಾಕ್ಯ ಶಿಷ್ಟಾಚಾರಕ್ಕಲ್ಲ. ಮುಂದೆ ‘ನಿಮ್ಮವರನ್ನು ಕರೆದುಕೊಂಡು ಹೋಗಿ’ ಎಂದರೆ ಅದು ದೂರಿನ ಸೇಡು ಎಂದು ತೋರಿಸಲು ಬೇಕಾಗುತ್ತದೆ. ದೂರು ಕೊಟ್ಟ ಮೇಲಿನ ಎರಡು ವಾರ ಭೇಟಿ ಹೆಚ್ಚಿಸಿ.

ಏಳು ದಿನದಲ್ಲಿ ಉತ್ತರ ಬರದಿದ್ದರೆ ಟ್ರಸ್ಟಿನ ಅಧ್ಯಕ್ಷರಿಗೆ. ಜೊತೆಯಲ್ಲೇ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ; ಬೆಳಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆಮೇಲೆ ಮೊದಲು ಹೇಳಿದ ಸಬಲೀಕರಣ ಇಲಾಖೆಯ ಜಿಲ್ಲಾ ಅಧಿಕಾರಿಗೆ, ಅದರದೇ ಒಂದು ನಕಲು ಜಿಲ್ಲಾಧಿಕಾರಿಗೆ. ಚಿಕಿತ್ಸೆಯ ಲೋಪವಾದರೆ ಜಿಲ್ಲಾ ಆರೋಗ್ಯಾಧಿಕಾರಿಗೆ. ಸರ್ಕಾರಿ ಕಚೇರಿಯಲ್ಲಿ ಅರ್ಜಿ ಮಲಗಿಬಿಟ್ಟರೆ 1902ರ ಜನಸ್ಪಂದನದಲ್ಲಿ ದಾಖಲಿಸಿ ಸಂಖ್ಯೆ ಪಡೆಯಿರಿ.

ಅನುದಾನಿತ ಆಶ್ರಮವಾದರೆ ಮಾಹಿತಿ ಹಕ್ಕು ಒಳ್ಳೆಯ ಹತಾರ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಜೊತೆ ಇಲಾಖೆಗೆ ಅರ್ಜಿ ಹಾಕಿ ಕಳೆದ ಎರಡು ವರ್ಷದ ತಪಾಸಣಾ ವರದಿ, ಬಿಡುಗಡೆಯಾದ ಅನುದಾನ, ನಿವಾಸಿಗಳ ಸಂಖ್ಯೆ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಉದ್ದ ಬರೆದವರ ಅರ್ಜಿ ಇದೇ ನೆಪಕ್ಕೆ ವಾಪಸಾಗುತ್ತದೆ.

ಹಣ ಕೊಟ್ಟು ಇರುವ ಜಾಗವಾದರೆ ಜಿಲ್ಲಾ ಗ್ರಾಹಕ ಆಯೋಗ. ಮೈಸೂರು, ಮಂಡ್ಯ ಎರಡರಲ್ಲೂ ಇದೆ. ದೂರುದಾರರು ವಾಸಿಸುವ ಊರಿನಲ್ಲೂ ಹಾಕಬಹುದು. ಲೋಪವಾದ ಎರಡು ವರ್ಷದೊಳಗೆ ಹಾಕಬೇಕು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಅಡ್ವಾನ್ಸ್ ವಾಪಸ್ ಕೊಡದ ಪ್ರಕರಣಕ್ಕೆ ಇದೇ ಸರಿಯಾದ ಬಾಗಿಲು. ಉಚಿತ ಆಶ್ರಮಕ್ಕೆ ಇದು ನಡೆಯುವುದಿಲ್ಲ, ಅಲ್ಲಿ ಹಣ ಕೊಟ್ಟು ಪಡೆದ ಸೇವೆ ಎಂಬುದೇ ಇಲ್ಲ.

ಹೊಡೆತ, ಕೂಡಿಹಾಕುವುದು, ಕಳವು ಕಂಡರೆ ಈ ಮೆಟ್ಟಿಲುಗಳನ್ನೆಲ್ಲ ಬಿಟ್ಟು ನೇರ 112. ಕರಾರಿನ ಪ್ರಕಾರ ನೋಡಿಕೊಳ್ಳಬೇಕಾದವರು ಅಸಹಾಯಕರನ್ನು ಬೇಕೆಂದೇ ನೋಡಿಕೊಳ್ಳದಿದ್ದರೆ ಅದೂ ಅಪರಾಧ: ಭಾರತೀಯ ನ್ಯಾಯ ಸಂಹಿತೆಯ 357ನೇ ಕಲಂ, ಮೂರು ತಿಂಗಳವರೆಗೆ ಜೈಲು ಅಥವಾ ಐದು ಸಾವಿರದವರೆಗೆ ದಂಡ ಅಥವಾ ಎರಡೂ. ಠಾಣೆಯಲ್ಲಿ ಈ ಕಲಂ ಯಾರ ನೆನಪಿನಲ್ಲೂ ಇರುವುದಿಲ್ಲ, ಅರ್ಜಿಯಲ್ಲಿ ನೀವೇ ಬರೆಯಿರಿ. ಗಾಯವಿದ್ದರೆ ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಎಂಎಲ್‌ಸಿ, ಎಂದರೆ ಪೊಲೀಸ್ ಪ್ರಕರಣಕ್ಕೆ ಬೇಕಾಗುವ ಗಾಯದ ವೈದ್ಯಕೀಯ ದಾಖಲೆ, ಮಾಡಿಸಿ.

ಬಹಳ ಮಂದಿ ಎಡವುವ ಒಂದು ಕಡೆ ಇದೆ. ಉಪವಿಭಾಗಾಧಿಕಾರಿಯ ಮುಂದಿರುವ ಹಿರಿಯ ನಾಗರಿಕರ ನ್ಯಾಯಮಂಡಳಿ ವೃದ್ಧಾಶ್ರಮದ ಮೇಲಿನ ದೂರಿಗಲ್ಲ. ಅದು ಮಕ್ಕಳು, ವಾರಸುದಾರರು ಪೋಷಣೆಯ ಹಣ ಕೊಡದಿದ್ದಾಗ, ಆಸ್ತಿ ಬರೆಸಿಕೊಂಡು ನೋಡಿಕೊಳ್ಳದಿದ್ದಾಗ ಹೋಗುವ ಜಾಗ. ವೃದ್ಧಾಶ್ರಮದ ಬಿಲ್ಲನ್ನು ಮಕ್ಕಳು ಕಟ್ಟುವುದು ನಿಲ್ಲಿಸಿದರೆ ಆಗ ಅಲ್ಲಿಗೆ ಹೋಗಬಹುದು. ಕಾಯ್ದೆಯ ಮಿತಿ ತಿಂಗಳಿಗೆ 10,000 ರೂಪಾಯಿ, ನೋಟಿಸ್ ಜಾರಿಯಾದ 90 ದಿನದಲ್ಲಿ ತೀರ್ಮಾನವಾಗಬೇಕು. ಹಿರಿಯರಿಗೆ ಓಡಾಡಲಾಗದಿದ್ದರೆ ಅವರು ಒಪ್ಪಿಗೆ ಕೊಟ್ಟ ಯಾರಾದರೂ ಅರ್ಜಿ ಹಾಕಬಹುದು. ಮೈಸೂರು ಜಿಲ್ಲೆಯಲ್ಲಿ ಮೈಸೂರು ಮತ್ತು ಹುಣಸೂರು, ಮಂಡ್ಯ ಜಿಲ್ಲೆಯಲ್ಲಿ ಮಂಡ್ಯ ಮತ್ತು ಪಾಂಡವಪುರ ಉಪವಿಭಾಗಗಳು, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲದವರು ಪಾಂಡವಪುರಕ್ಕೆ ಹೋಗಬೇಕು. ಕಾನೂನಿನ ನೆರವು ಬೇಕಾದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ಫೋನ್ 15100. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ.

ಬಿಡಿಸಿಕೊಂಡು ಬರುವುದಾದರೆ

ದೂರು ಕೊಟ್ಟು ಮೂರು ನಾಲ್ಕು ವಾರವಾದರೂ ಅದೇ ಹುಣ್ಣು, ಅದೇ ಮಂಪರು ಎಂದಾದರೆ ಜಾಗ ಬದಲಿಸುವುದೇ ಸರಿ. ಹೊಸ ಜಾಗ ಗಟ್ಟಿಯಾಗುವವರೆಗೆ ಬಾಯಿ ಬಿಡಬೇಡಿ. ಹೊರಡುವ ಮುಂಚೆ ಔಷಧಿ ಚಾರ್ಟ್, ವೈದ್ಯರ ಟಿಪ್ಪಣಿ, ತೂಕದ ಪಟ್ಟಿ, ರಕ್ತ ಪರೀಕ್ಷೆಗಳ ಪ್ರತಿ ಲಿಖಿತವಾಗಿ ಕೇಳಿ ಪಡೆಯಿರಿ, ಹೊರಬಿದ್ದ ಮೇಲೆ ಅವು ಸಿಗುವುದು ಕಷ್ಟ. ನೋಟಿಸ್ ಪತ್ರದಲ್ಲಿ ಅಡ್ವಾನ್ಸ್ ವಾಪಸಾಗಬೇಕಾದ ತಾರೀಖನ್ನೂ ಬ್ಯಾಂಕ್ ಖಾತೆ ಸಂಖ್ಯೆಯನ್ನೂ ಬರೆಯಿರಿ. ‘ಎಲ್ಲ ಲೆಕ್ಕ ಚುಕ್ತಾ, ಯಾವ ತಕರಾರೂ ಇಲ್ಲ’ ಎಂಬ ಹಾಳೆಗೆ ಹಣ ಖಾತೆಗೆ ಬಿದ್ದ ಮೇಲೆ ಮಾತ್ರ ಸಹಿ. ಬಾಕಿ ಇದೆ ಎಂದು ಹಿರಿಯರನ್ನೇ ತಡೆದು ನಿಲ್ಲಿಸುವ ಅಧಿಕಾರ ಯಾರಿಗೂ ಇಲ್ಲ; ಹಾಗೆ ತಡೆದರೆ ಗೇಟಿನಲ್ಲಿ ನಿಂತೇ 112ಕ್ಕೆ ಕರೆ ಮಾಡಿ. ಹೊಸ ಜಾಗದಲ್ಲಿ ಮೊದಲ ದಿನವೇ ತೂಕ ಹಾಕಿಸಿ, ಬೆನ್ನು ನೋಡಿಸಿ, ಆ ಹಾಳೆಗೆ ಅಲ್ಲಿನ ನರ್ಸ್ ಸಹಿ ತೆಗೆದುಕೊಳ್ಳಿ. ಹಳೆಯ ಕೇಂದ್ರದ ಮೇಲಿನ ದೂರಿಗೆ ಅದಕ್ಕಿಂತ ಗಟ್ಟಿ ದಾಖಲೆ ಸಿಗುವುದಿಲ್ಲ.